ಗೊರಕೆ

ಗ್ರಿಮ್ಸ್‌ಬಿಯ ಮೀನುಪೇಟೆಯ ಹಿಂದಿನ ಬೀದಿ, ಬೆಳಗಿನ ಜಾವ ನಾಲ್ಕೂ ಹತ್ತು.
ಬಾಗಿಲು ತೆರೆದ ಗ್ಲೆನಿಸ್ ತುಟಿಗೆ ಬೆರಳಿಟ್ಟಳು,
ಉಸಿರೆತ್ತಬೇಡಿ ಎಂಬಂತೆ.
ಕೆಲಸಕ್ಕೆ ಹೊತ್ತಾಯಿತು, ಏಳುತ್ತಿಲ್ಲ, ಅಷ್ಟೇ.
ರಾತ್ರಿಯಿಡೀ ಎಂಥ ಗೊರಕೆ ಅಂತೀರಿ,
ಬೆನ್ನುನೋವು ಶುರುವಾದ ಮೇಲೆ ಇದೇ ಮೊದಲು.
ಈಗ ತಣ್ಣಗೆ ಮಲಗಿದ್ದಾನೆ.

ದೀಪ ಹಾಕಿದೆ.
ತುಟಿ ನೇರಳೆ ಹಣ್ಣು ತಿಂದವನ ಹಾಗೆ.
ಎದೆಯ ಮೇಲೆ ಅಂಗೈ ಇಟ್ಟು ಕಾದೆ, ಹತ್ತು ಸೆಕೆಂಡು.
ಅಂಗೈ ಏಳಲಿಲ್ಲ.
ಕತ್ತಿನಲ್ಲಿ ಮಾತ್ರ ನಾಡಿ, ಹಟಮಾರಿ,
ಒಡೆಯ ಮನೆಬಿಟ್ಟದ್ದು ತಿಳಿಯದೆ
ಹಿತ್ತಲಲ್ಲಿ ಸೌದೆ ಒಡೆಯುತ್ತಲೇ ಇರುವ ಆಳು.
ರೆಪ್ಪೆ ಬಿಡಿಸಿದರೆ ಪಾಪೆ ಸಾಸಿವೆ ಕಾಳು.

ನೆಲಕ್ಕಿಳಿಸುವಾಗ ಕಂಡಿತು:
ಬೆನ್ನಿಗೆ ಎರಡು ಫೆಂಟನಿಲ್ ಪ್ಯಾಚು,
ಒಂದು ನಿನ್ನೆಯದು, ಒಂದು ನಿನ್ನೆ ಕೀಳಬೇಕಿದ್ದದ್ದು.
ಅವಕ್ಕೆ ಒತ್ತಿಕೊಂಡು, ಉಣ್ಣೆಯ ಅಂಗಿ ತೊಟ್ಟ ಬಿಸಿನೀರಿನ ಚೀಲ.
ಎರಡನ್ನೂ ಕಿತ್ತೆ.

ಟ್ಯಾಮ್ಸಿನ್ ತಲೆದೆಸೆಗೆ ಮಂಡಿಯೂರಿ ದವಡೆ ಎತ್ತಿದಳು,
ಬಿದ್ದ ನಾಲಿಗೆ ದಾರಿ ಬಿಟ್ಟಿತು;
ಎರಡೂ ಕೈಯಲ್ಲಿ ಮಾಸ್ಕು ಒತ್ತಿ ಹಿಡಿದಳು.
ಗಾಳಿಚೀಲ ಹಿಂಡುವುದು ನನ್ನ ಪಾಲು.
ಆರು ಸೆಕೆಂಡಿಗೊಂದು. ಎದೆ ಏಳುವಷ್ಟು, ಹೆಚ್ಚಿಲ್ಲ.
ಗಾಬರಿಬಿದ್ದ ಕೈ ಬೇಗಬೇಗ ಹಿಂಡುತ್ತದೆ,
ಹೊಟ್ಟೆ ಉಬ್ಬಿ ಉಂಡದ್ದು ಗಂಟಲಿಗೆ ಬರುತ್ತದೆ.
ನಿಧಾನ ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು.

ರಾಣೇಬೆನ್ನೂರಿನ ಅಡತಿ ಅಂಗಡಿಯಲ್ಲಿ ಜೋಳ ಅಳೆಯುವಾಗ
ಅಪ್ಪ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದ.
ನನ್ನ ಬಾಯಲ್ಲಿ ಇವತ್ತಿಗೂ ಎಣಿಕೆ ಹುಟ್ಟುವುದು ಹಾಗೆಯೇ:
ಲಾಭ,
ಎರಡು, ಮೂರು, ನಾಲ್ಕು, ಐದು, ಆರು,
ಲಾಭ.
ಎರಡು ಹಿಂಡಿನ ನಡುವೆ ತೊಡೆಗೆ ನಲೋಕ್ಸೋನ್.
ಲಾಭ.

ಎಷ್ಟನೆಯದೋ, ಲೆಕ್ಕ ತಪ್ಪಿತ್ತು,
ನಾನು ಬೆರಳು ಮಡಚುವ ಮುಂಚೆಯೇ
ಮಾಸ್ಕಿನ ಕವಾಟ ತಾನಾಗಿ ಅಲುಗಿತು.

ನೆವಿಲ್ ಕಣ್ಣು ಬಿಟ್ಟವನೇ ಬೈದ.
ಉಸಿರಿನ ಬೆನ್ನಿಗೇ ನೋವೂ ವಾಪಸ್ ಬಂದಿತ್ತು.
ಬೈಯಲಿ, ಬೈಗುಳಕ್ಕೆ ಗಾಳಿ ಬೇಕು.
ಸೂಜಿಯ ಔಷಧ ಬೇಗ ಇಳಿಯುತ್ತದೆ, ಚರ್ಮದೊಳಗಿನದು ಇಳಿಯದು,
ದಾರಿಯುದ್ದಕ್ಕೂ ಅವನ ಎದೆಯನ್ನೇ ನೋಡುತ್ತ ಕೂತೆ.

ಶಾಖ ತಗುಲಿದರೆ ಪ್ಯಾಚಿನ ಮದ್ದು ದುಪ್ಪಟ್ಟು ವೇಗದಲ್ಲಿ ರಕ್ತಕ್ಕಿಳಿಯಬಹುದು.
ಅದನ್ನು ಅವಳಿಗೆ ಹೇಳಬೇಕು. ಹೇಳುವುದೂ ಕೆಲಸವೇ.
ಗ್ಲೆನಿಸ್ ಮಡಿಲಲ್ಲಿ ಆ ಚೀಲ, ಇನ್ನೂ ಬೆಚ್ಚಗೆ.
ರಾತ್ರಿ ಎರಡು ಸಲ ಎದ್ದು ನೀರು ಬದಲಿಸಿದೆ, ಅಂದಳು,
ಅವನ ನಿದ್ದೆ ಕೆಡದ ಹಾಗೆ.