ಒಂದು ಬೆರಳು ಕಡಿಮೆ

ಓಹಾಯೋದ ಜೋಳದ ಹೊಲಕ್ಕೆ ನಡುವೆ ಬೇಲಿ;
ಮೂರು ವರ್ಷ ಅಪ್ಪ, ಯೋಸ್ಟ್ ದೊಡ್ಡಪ್ಪ ಮಾತು ಬಿಟ್ಟಿದ್ದರು.
ಸಭೆಯ ಹಿರಿಯರು ಕೊಟ್ಟಿಗೆಗೇ ಬಂದು ಕೇಳಿದರು:
"ಎಲ್ಲರೊಡನೆ ಸಮಾಧಾನವೇ, ಲೊರೆಂಟ್ಸ್?"
ಕೆಚ್ಚಲು ಬಿಡದೆ ಅಪ್ಪ "ಹೂಂ" ಅಂದ.
ಹಸು ಪಾತ್ರೆಗೆ ಒದ್ದಿತು.

ಪ್ರೀತಿಭೋಜನದ ರಾತ್ರಿ
ಹೆಂಗಸರ ಬೆಂಚಿನಿಂದ ಕತ್ತು ಚಾಚಿ ನೋಡಿದೆ:
ಸಾಲು ಸರಿಯುತ್ತ ಸರಿಯುತ್ತ
ಮರದ ಬೋಗುಣಿ ಅಪ್ಪನ ಕೈಗೆ ಬಂದಾಗ
ಎದುರಿಗೆ ದೊಡ್ಡಪ್ಪನ ಎಡಗಾಲು.
ಕಿರುಬೆರಳಿಲ್ಲ.
ಹುಡುಗರಾಗಿದ್ದಾಗ, ಸೌದೆ ಸೀಳುವಾಗ
ಜಾರಿದ್ದು ಅಪ್ಪನ ಕೊಡಲಿ;
ದಿಮ್ಮಿ ಉರುಳಿತೆಂದು ಅಜ್ಜನಿಗೆ ಹೇಳಿ
ಏಟು ತಪ್ಪಿಸಿದವನು ಆತ.

ಆ ಖಾಲಿ ಜಾಗವನ್ನೇ ಅಪ್ಪ
ಬಹಳ ಹೊತ್ತು ತೊಳೆದ.
"ನೀರು ಆರಿಹೋಯ್ತು ಕಣೋ,"
ಅಂದ ದೊಡ್ಡಪ್ಪ.

ಬೇಲಿ ಈಗಲೂ ಇದೆ.
ಒಂದು ಗಳ ಕಳಚಿ ಬಿದ್ದಿದೆ,
ಯಾರೂ ಎತ್ತಿ ಕಟ್ಟಿಲ್ಲ.
ಕರುಗಳು ಆ ಕಡೆ, ಈ ಕಡೆ.