ಹುಟ್ಟು ಒರಗುವ ಮರ

ವಾಮನ ಹರಿಕಂತ್ರ ಅದನ್ನು ಪಂಚೆಯಲ್ಲಿ ಸುತ್ತಿ ತಂದಿದ್ದ.
ಕೋಡಿಬಾಗದ ನನ್ನ ಚಪ್ಪರದಲ್ಲಿ ಬಿಚ್ಚಿ
ಮೇಸ್ತ, ಇದೇನು ಹೇಳು, ಅಂದ.

ಮೊಣಕೈಯೆಂದರೆ ಮೊಣಕೈ. ಒಡೆದ ಶಂಖವೆಂದರೆ ಶಂಖ.
ಅವನ ಮನೆಯಲ್ಲಿ ಮೊದಲು ಅದಕ್ಕೆ ಟೋಪಿ ತೂಗಿತಂತೆ, ಆಮೇಲೆ ಲಾಟೀನು.
ಮೊಮ್ಮಗಳು ಕುಂಕುಮ ಹಚ್ಚಿದ ದಿನ ಹೆಂಡತಿ ಹೇಳಿದಳು:
ದೇವರೋ ಗೂಟವೋ, ಒಂದು ತೀರ್ಮಾನ ಮಾಡಿ.

ಹನ್ನೊಂದು ವರ್ಷದ ಹಿಂದೆ, ಮಾಲೀಕ ಸಂಬಳ ಕೊಡದೆ ಓಡಿಹೋಗಿ
ಇವರ ಹಡಗನ್ನು ವೆನಿಸ್ಸಿನ ಹೊರಗೆ ಕಟ್ಟಿಹಾಕಿದ್ದರು, ನಾಲ್ಕು ತಿಂಗಳು.
ಏನು ನೋಡಿದೆ, ಎಲ್ಲರೂ ಕೇಳುತ್ತಾರೆ,
ಚರ್ಚು ನೋಡಿದೆಯಾ, ಅರಮನೆ?
ಕೆಸರು, ಅನ್ನುತ್ತಾನೆ. ಇಳಿತದಲ್ಲಿ ನಮ್ಮದೇ ವಾಸನೆ.
ಇಡೀ ಊರು ಮರದ ಗೂಟಗಳ ಮೇಲೆ ನಿಂತಿದೆ, ಗೂಟ ಕಾಣದು.
ಮಂಜು ಬಿದ್ದರೆ ಊರೂ ಕಾಣದು.
ಒಬ್ಬ ಮುದುಕನ ಕೊಟ್ಟಿಗೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದೆ,
ಬೇಯಿಸಿದ ಜೋಳದ ಹಿಟ್ಟು ಕೊಡುತ್ತಿದ್ದ, ಮೇಲೆ ಸಣ್ಣ ಸೀಗಡಿ.
ಹೆಸರು ಒತ್ತಾವಿಯೊ. ಮಾತು? ಮಾತು ಯಾಕೆ,
ಅವನು ಕೈ ಚಾಚಿದರೆ ನಾನು ಉಳಿ ಕೊಡುತ್ತಿದ್ದೆ.

ಹೊರಡುವ ದಿನ ಕೊಟ್ಟದ್ದು ಇದು.
ಮಾಡಿಸಿದವನು ಒಯ್ಯಲು ಬರಲಿಲ್ಲವಂತೆ.
ಸತ್ತನೋ, ಸಾಲವೋ,
ಆ ಭಾಷೆಯಲ್ಲಿ ವಾಮನನಿಗೆ ಅಷ್ಟು ತಿಳಿಯಲಿಲ್ಲ.

ನಾನು ಇಟಲಿ ಕಂಡವನಲ್ಲ. ಗೋವಾದಾಚೆ ರೈಲು ಹತ್ತಿದವನಲ್ಲ.
ಈಗ ಬರುವುದೆಲ್ಲ ಫೈಬರ್ ದೋಣಿ,
ಬಾಚಿಗಿಂತ ರಾಳದ ಡಬ್ಬಿಗೇ ಕೈ ಹೆಚ್ಚು.
ಆದರೂ ಮರ ಓದಲು ಬರುತ್ತದೆ.

ಅಕ್ರೋಟಿನ ಮರ. ಬೊಡ್ಡೆಯನ್ನು ನಾಲ್ಕು ಸೀಳಿ, ತಿರುಳು ಬಿಟ್ಟು ತೆಗೆದದ್ದು.
ಐದಾರು ಮಳೆಗಾಲ ಕಾದು ಆಮೇಲೆ ಉಳಿ ಇಟ್ಟದ್ದು
(ಅಲ್ಲಿ ಮಳೆಗಾಲ ಎಂದು ಎಣಿಸುತ್ತಾರೋ ಇಲ್ಲವೋ).
ಒಂದು ಗೆರೆಯೂ ನೇರವಿಲ್ಲ. ಒಂದು ಗೆರೆಯೂ ಚಂದಕ್ಕಿಲ್ಲ.
ಈ ತೋಡಿನಲ್ಲಿ ಹುಟ್ಟು ಕೂತರೆ ಮುಂದೆ,
ಕೆಳಗಿನ ಭುಜದಲ್ಲಿ ಕೂತರೆ ನಿಧಾನ,
ಇಲ್ಲಿ ಒತ್ತಿದರೆ ನಿಲ್ಲುತ್ತದೆ.
ಹುಟ್ಟು ಒಂದೇ. ನಿಂತೇ ಹಾಕಬೇಕು, ಹೋಗುವ ಕಡೆ ಮುಖಮಾಡಿ.
ಅಂದರೆ ನೀರು ಆಳವಿಲ್ಲ. ದಾರಿ ನಮ್ಮ ಓಣಿಯಷ್ಟು.
ತಿರುವಿನಲ್ಲಿ ಎದುರು ಬರುವವನಿಗೆ ಕೂಗಬೇಕು.

ಕೂಗುತ್ತಾರೆ, ಅಂದ ವಾಮನ.

ಇನ್ನೂ ಇದೆ. ತೋಡಿನ ಎತ್ತರ ನೋಡು:
ನನಗಿಂತ ನಾಲ್ಕು ಬೆರಳು ಉದ್ದದ ಆಳು.
ಎಡ ಮಂಡಿ ಕೆಟ್ಟಿತ್ತು, ಅದಕ್ಕೇ ಇಲ್ಲಿ ಅರ ಹಾಕಿ ಇಳಿಸಿದ್ದಾನೆ.
ವಾಮನ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ.
ಒತ್ತಾವಿಯೊ ನನ್ನ ಸೊಂಟ, ತೋಳು ಅಳೆಯುತ್ತಿದ್ದ, ಅಂದ,
ದರ್ಜಿಯ ಹಾಗೆ. ತಮಾಷೆ ಎಂದುಕೊಂಡಿದ್ದೆ.

ಹಲಸಿನ ತುಂಡಿನಲ್ಲಿ ಕೂರು ಮಾಡಿ
ಹಳೆಯ ಪಾತಿಯ ಬಲ ಅಂಚಿಗೆ ಬಿಗಿದೆ, ಹೊನ್ನೆ ಎಣ್ಣೆ ಸವರಿದೆ.
ಕಾಳಿಯಲ್ಲಿ ಬೇಡ, ಅದರ ಸೆಳೆತ ಯಾರಿಗೂ ಮರ್ಯಾದೆ ಕೊಡದು.
ಸುಂಕೇರಿಯ ಕಾಂಡ್ಲಾ ಗಿಡಗಳ ನಡುವೆ ನಿಂತು ಹಾಕಿದೆ.
ಪಾತಿ ಎಡಕ್ಕೆ ಹೊರಳಿ ಬೇರಿನೊಳಗೆ ಮೂಗು ತೂರಿಸಿತು.
ಮತ್ತೆ ಹಾಕಿದೆ. ಮತ್ತೆ ಎಡ.
ಮೂರನೇ ದಿನ ಕೈಗೆ ಹತ್ತಿತು:
ಹುಟ್ಟನ್ನು ನೀರಿನಿಂದ ಎತ್ತಬಾರದು,
ಹಿಂದಕ್ಕೆ ತರುವಾಗ ಮಣಿಕಟ್ಟು ತುಸು ತಿರುಗಿಸಿದರೆ
ಮುಂದೆ ಮಾಡಿದ ತಪ್ಪು ಅಲ್ಲೇ ಸರಿಹೋಗುತ್ತದೆ.

ಬಳಚು ಆಯುವ ಹೆಂಗಸರು ಸೊಂಟದ ನೀರಿನಲ್ಲೇ ನಿಂತು ನೋಡಿದರು.
ಮೇಸ್ತ, ಇದು ಯಾರ ನಿಲುವು? ಕೇಳಿದಳು ರುಕ್ಮಾ,
ನಿಮ್ಮಪ್ಪ ಹೀಗೆ ನಿಲ್ಲುತ್ತಿರಲಿಲ್ಲ.

ನೋಡಿಕೊಂಡೆ. ಎಡ ಮಂಡಿ ತಾನಾಗಿ ಬಾಗಿತ್ತು.
ಹಿಮ್ಮಡಿ ಹಲಗೆಯಿಂದ ಮೇಲೆದ್ದಿತ್ತು,
ನಾಲ್ಕು ಬೆರಳಿನಷ್ಟು.

ಹೆಸರು ಗೊತ್ತಿಲ್ಲ, ಅಂದೆ.
ಹಾಗಾದರೆ ಆಚೆ ಸರಿ, ಅಂದಳು,
ಬಳಚು ನಿನ್ನ ಪಾತಿಯ ಅಡಿಗೇ ಇದೆ.