ಒಕ್ಸ್ ಎಂದಷ್ಟೇ

ಅಕುರೇರಿಯ ರಸ್ತೆ ಕಚೇರಿಯಲ್ಲಿ ರಾತ್ರಿ ಪಾಳಿ.
ಹೊರಗೆ ಹಿಮ ಅಡ್ಡಡ್ಡ ಹಾರುತ್ತಿದೆ,
ಬೀಳುವುದಕ್ಕೂ ಪುರುಸೊತ್ತಿಲ್ಲದ ಹಾಗೆ.
ಸ್ಟೇನ್‌ವೋರ್ ಕನ್ನಡಕ ಹಣೆಗೇರಿಸಿ
ಎರಡೇ ಬೆರಳಲ್ಲಿ ಘಾಟಿಯ ಹೆಸರು ಕುಟ್ಟುತ್ತಾಳೆ:
ಒಕ್ಸ್‌ನಾದಾಲ್ಸ್‌ಹೇಯ್ದಿ.
ನಮ್ಮ ಲಿಪಿಯಲ್ಲಿ ಹದಿಮೂರು ಅಕ್ಷರ.
ಒಂದು ಹಿಂದುಮುಂದಾದರೆ
ಅಂಥ ರಸ್ತೆಯೇ ಇಲ್ಲ ಎನ್ನುತ್ತದೆ ಪ್ರೋಗ್ರಾಮು.
ಮತ್ತೆ ಮೊದಲಿಂದ.
ಅಷ್ಟರೊಳಗೆ ಯಾವುದೋ ಮೀನಿನ ಲಾರಿ ಘಾಟಿ ಹತ್ತಿರುತ್ತದೆ.

ಏನಾದರೂ ಮಾಡೋ ಥೋರ್ಗಿಲ್ಸ್, ಎಂದಳು.

ಹೆಸರುಗಳ ಕಷ್ಟ ನನಗೆ ಹೇಳಬೇಕೆ,
ನನ್ನ ಹೆಸರೇ ನನಗೆ ಬಾಯೊಳಗಿನ ಕಲ್ಲು.
ಥೋ ಎಂಬಲ್ಲಿ ನಾಲಿಗೆ ಹಲ್ಲಿಗೆ ಅಂಟಿದರೆ
ಎದುರಿನವರ ಕಣ್ಣಲ್ಲಿ ದಯೆ ತುಂಬುವ ತನಕ ಬಿಡುವುದಿಲ್ಲ.
ಥೋರ್ಸ್ಟೇನ್? ಥೋರ್ವಾಲ್ದುರ್? ಥೋರಿರ್?
ಸಾಕಾಗಿ ಯಾವುದಕ್ಕೋ ತಲೆಯಾಡಿಸುತ್ತೇನೆ.
ಹಲ್ಲಿನ ಡಾಕ್ಟರ ಪುಸ್ತಕದಲ್ಲಿ ಇಂದಿಗೂ ನಾನು ಥೋರಿರ್.

ಏಳು ವರ್ಷದವನನ್ನು ರೂಗ್‌ಬ್ರೋಯ್ಥ್ ತಾ ಎಂದು ಕಳಿಸಿದ್ದರು,
ರೈ ಹಿಟ್ಟಿನ ಕಪ್ಪು ರೊಟ್ಟಿ.
ರೂ ಎಂದೆ. ರೂ, ರೂ.
ಅಂಗಡಿಯ ಹಾಲ್ದೋರಾ ಸಿಡುಕಿಯಲ್ಲ, ಪ್ರೀತಿಯವಳು.
ಪ್ರೀತಿಯವರೇ ಬೇಗ ಮುಗಿಸಿಬಿಡುವುದು.
ರೂಸಿನೂರ್! ಎಂದು ನಕ್ಕು
ಒಣದ್ರಾಕ್ಷಿಯ ಪೊಟ್ಟಣ ಕೈಗಿಟ್ಟಳು.
ಬಂದರಿನ ಗೋಡೆಗೊರಗಿ ಅಷ್ಟನ್ನೂ ತಿಂದೆ.
ದುಡ್ಡು ಕಳೆಯಿತು ಎಂದೆ ಮನೆಯಲ್ಲಿ.
ಸುಳ್ಳೊಂದೇ ತಡವರಿಸದೆ ಬಂತು.

ಹಾಗಾಗಿ ಈ ಸಲ ಮೊದಲು ಬರೆದದ್ದು ಕೋಡಲ್ಲ,
ಪರದೆಯ ಅಂಚಿಗೆ ಒಂದು ಚೀಟಿ:
ಕೇಳದೆ ಬಾಯಿ ಹಾಕಬಾರದು.
ಟ್ಯಾಬ್ ಒತ್ತಿದರಷ್ಟೇ ಕರೆದಂತೆ.

ಕರೆದಾಗ ಶೆಲ್ಲು ಕೊಡುವುದು ಇಷ್ಟು:
ಈವರೆಗೆ ಆಡಿದ ಪದಗಳು, ಕರ್ಸರ್ ನಿಂತ ಜಾಗ.
ನಾನು ತಿರುಗಿ ಕೊಡಬೇಕಾದ್ದು, ಆಗಬಹುದಾದವು.
ಆಗಬೇಕಾದದ್ದಲ್ಲ. ಆಗಬಹುದಾದವು.
ಒಂದೇ ಇದ್ದರೆ ಪೂರ್ತಿ ಮಾಡಿ
ಮುಂದೆ ಒಂದು ತೆರಪು ಬಿಡು, ಉಸಿರಿಗೆ.
ಹಲವಿದ್ದರೆ, ಎಲ್ಲವೂ ಒಪ್ಪುವಷ್ಟು ದೂರ ನಡೆದು ನಿಲ್ಲು.
ಅಲ್ಲಿಂದಾಚೆ ಒಂದಕ್ಷರವೂ ನಿನ್ನದಲ್ಲ.

ಮೇಲಧಿಕಾರಿ ಸಿಗುರ್ಲೋಯ್ಗ್‌ಗೆ ಇದು ಸಾಲದು.
ಎಲ್ಲರೂ ಹೆಚ್ಚು ಹೊಡೆಯುವ ಹೆಸರು ತಾನಾಗಿ ಬರಲಿ,
ನೂರಕ್ಕೆ ತೊಂಬತ್ತು ಸಲ ಸರಿಯೇ ಇರುತ್ತದಲ್ಲ, ಎಂದರು.
ಬೇ, ಎಂದೆ.
ಬೇಕು, ಅಲ್ಲವೇ? ಬರೆದುಕೊಂಡರು.
ಬೇ. ಬೇ.
ಕಾರಿಡಾರಿನುದ್ದ ಹಿಂದೆ ಹೋದೆ,
ಲಿಫ್ಟಿನಲ್ಲಿ ಜೊತೆಗೇ ಇಳಿದೆ.
ನೆಲಮಹಡಿಯಲ್ಲಿ, ಅವರು ಕೈಗವಸು ಹಾಕಿಕೊಳ್ಳುವಾಗ, ಬಂತು:
ಡ.

ಅಕ್ಟೋಬರಿನ ಹಿಮ, ಮತ್ತೊಂದು ರಾತ್ರಿ.
ಸ್ಟೇನ್‌ವೋರ್ ಕಿವಿಗೆ ಫೋನು ಸಿಕ್ಕಿಸಿಕೊಂಡು
ಮುಚ್ಚು ಎಂದು ಹೊಡೆದಳು, ಒಕ್ಸ್ ಎಂದಳು, ಟ್ಯಾಬ್.
ಕಿಣಿ ಎಂದು ಒಂದು ಸಣ್ಣ ಸದ್ದು, ಬೇರೇನಿಲ್ಲ.
ಕೆಟ್ಟೇಹೋಯಿತು ನಿನ್ನದು, ಎಂದಳು.
ಇನ್ನೊಮ್ಮೆ ಎಂದು ಬೆರಳಲ್ಲೇ ತೋರಿಸಿದೆ.
ಇನ್ನೊಮ್ಮೆ ಒತ್ತಿದಳು. ಮೂರು ಎದ್ದು ನಿಂತವು:

ಒಕ್ಸಾರ್‌ಫ್ಯಾರ್ದಾರ್‌ಹೇಯ್ದಿ   ಒಕ್ಸಿ   ಒಕ್ಸ್‌ನಾದಾಲ್ಸ್‌ಹೇಯ್ದಿ

ಎಂದಿನದಕ್ಕೇ ಇಳಿಯುತ್ತಿದ್ದ ಬೆರಳು
ಗಾಳಿಯಲ್ಲೇ ತಡೆಯಿತು.
ಫೋನಿನಾಚೆಯ ಚಾಲಕ ಒಕ್ಸ್ ಎಂದಷ್ಟೇ ಅಂದಿದ್ದ,
ಉಳಿದದ್ದನ್ನು ಬಿರುಗಾಳಿ ಕಚ್ಚಿಕೊಂಡು ಹೋಗಿತ್ತು.
ಯಾವುದಪ್ಪಾ? ಕೇಳಿದಳು.
ಗೊರಗೊರ. ಗಾಳಿ. ಯಾರದೋ ವೈಪರ್.
ಕರ್ಸರ್ ಮಿಟುಕುತ್ತಿತ್ತು, ಮೂರರ ಕೆಳಗೆ,
ಯಾವುದರ ಮೇಲೂ ಆಸೆಯಿಲ್ಲದೆ.
ಪೂರ್ವದ್ದು, ಎಂದಿತು ಕೊನೆಗೆ ಫೋನು, ಒಕ್ಸಿ, ಕೊಡಲಿ, ಕೊಡಲಿ.

ಇ ಸೇರಿಸಿದಳು. ಎಂಟರ್ ಹೊಡೆದಳು.
ನಕ್ಷೆಯಲ್ಲಿ ಒಂದು ಗೆರೆ ಕೆಂಪಾಯಿತು.

ಬೆಳಗ್ಗೆ ಕ್ಯಾಂಟೀನಿನಲ್ಲಿ ಹೊಸ ಹುಡುಗ, ಹಿಮ ತಳ್ಳುವ ಗಾಡಿಯವನು,
ನಿಮ್ಮ ಹೆಸರು? ಎಂದ.
ಥೋ, ಎಂದೆ.
ಹನ್ನೊಂದು ವರ್ಷದಿಂದ ನನ್ನನ್ನು ಬಲ್ಲ ಸ್ಟೇನ್‌ವೋರ್
ಬಾಯಿ ತೆರೆದಳು,
ಏನೋ ನೆನಪಾಗಿ ಮುಚ್ಚಿದಳು.
ಮೂವರ ಕಾಫಿಯೂ ಆರಿತು.